ಯುರೋಪ್ ಪ್ರವಾಸ: ಬೆಳಕಿನ ಹೊತ್ತು ನೋಡಿ ಮಾರ್ಗ ಹಾಕಿದ್ದು ಹೀಗೆ

ನಾಲ್ವರು ಸ್ನೇಹಿತರು, 26 ರಾತ್ರಿ. ಯಾವ ಊರು ಎಂದು ತೀರ್ಮಾನಿಸುವ ಮುಂಚೆ ನಾನು ತೆಗೆದು ನೋಡಿದ್ದು ಸೂರ್ಯೋದಯ, ಸೂರ್ಯಾಸ್ತದ ವೇಳೆ. ಜೂನ್ ಕೊನೆಯಲ್ಲಿ ಪ್ರಾಗ್‌ನಲ್ಲಿ ಬೆಳಗಿನ ಐದಕ್ಕೂ ಮೊದಲೇ ಸೂರ್ಯ ಹುಟ್ಟುತ್ತಾನೆ, ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಫೋಟೊಗೆ ಎರಡೂ ಹೊತ್ತಿನ ಬೆಳಕು ಬೇಕೆಂದರೆ ನಿದ್ದೆಗೆ ಉಳಿಯುವುದು ನಾಲ್ಕೈದು ಗಂಟೆ. ಮೂರು ದಿನ ಹಾಗೆ ಮಾಡಿದರೆ ನಾಲ್ಕನೇ ದಿನ ಯಾರೂ ಏಳುವುದಿಲ್ಲ. ಸೆಪ್ಟೆಂಬರ್ ಮಧ್ಯದಲ್ಲಿ ಅದೇ ಪ್ರಾಗ್‌ನಲ್ಲಿ ಸೂರ್ಯೋದಯ 6.40ರ ಆಸುಪಾಸು, ಸೂರ್ಯಾಸ್ತ 7.15ರ ಆಸುಪಾಸು. ಫೋಟೊ ಹುಚ್ಚಿಲ್ಲದವರು ನೆಮ್ಮದಿಯಾಗಿ ಮಲಗಬಹುದು, ನಾವು ಎಂಟಕ್ಕೆ ತಿಂಡಿಗೆ ಅವರ ಜೊತೆ ಕೂಡಬಹುದು. ಹಾಗಾಗಿ ಸೆಪ್ಟೆಂಬರ್.

ರಾತ್ರಿಗಳನ್ನು ಹಂಚಿದ್ದು ಹೀಗೆ: ಪ್ರಾಗ್ 5, ಆಸ್ಟ್ರಿಯಾದ ಹಾಲ್‌ಸ್ಟಾಟ್ 4, ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನೆನ್ 7, ಫ್ಲಾರೆನ್ಸ್ 5, ರೋಮ್ 5. ಒಂದೊಂದು ರಾತ್ರಿಗೆ ಊರು ಬದಲಿಸಿದರೆ ಸೂಟ್‌ಕೇಸ್ ಕಟ್ಟಿ ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಜೊತೆಗೆ, ಬೆಳಕು ಚೆನ್ನಾಗಿರುವ ಎರಡು ಹೊತ್ತಿನಲ್ಲಿ ಒಂದನ್ನು ರೈಲೇ ನುಂಗುತ್ತದೆ. ಬೆಟ್ಟದ ಊರಿಗೆ ಏಳು ರಾತ್ರಿ ಕೊಟ್ಟಿದ್ದು ಮೋಡಕ್ಕಾಗಿ. ಮೂರು ದಿನ ಮಂಜು ಕವಿದರೂ ನಾಲ್ಕು ದಿನ ಕೈಯಲ್ಲಿರುತ್ತವೆ.

ಹೆಚ್ಚು ರಾತ್ರಿ ಇಟಲಿಯಲ್ಲಿ, ಒಟ್ಟು ಹತ್ತು. ಆದ್ದರಿಂದ ಷೆಂಗೆನ್ ವೀಸಾಗೆ (ಈ ದೇಶಗಳಿಗೆಲ್ಲ ಸೇರಿ ಒಂದೇ ವೀಸಾ) ಅರ್ಜಿಯೂ ಇಟಲಿಗೇ. ಬೇಗ ಸಿಗುತ್ತದೆಂದು ಬೇರೆ ದೇಶಕ್ಕೆ ಹಾಕಿದರೆ ಹೋಟೆಲ್ ಬುಕಿಂಗ್ ನೋಡಿಯೇ ತಿರಸ್ಕರಿಸಬಹುದು. ಪ್ರಯಾಣಕ್ಕೆ ಆರು ತಿಂಗಳು ಮೊದಲಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಬೇಸಿಗೆಗೆ ಅರ್ಜಿ ಕೊಡುವ ಸ್ಲಾಟ್ ಸಿಗುವುದೇ ಕಷ್ಟ, ಕಾಯಬಾರದು. ವಿಮೆ ಕನಿಷ್ಠ 30,000 ಯೂರೊ. ನಾಲ್ವರ ಫೈಲಿನಲ್ಲೂ ತಾರೀಖು, ಹೋಟೆಲ್, ರೈಲು ಒಂದೇ ಇರಬೇಕು. ಒಬ್ಬರ ಪತ್ರದಲ್ಲಿ ಒಂದು ರಾತ್ರಿ ಹೆಚ್ಚು ಕಡಿಮೆಯಾದರೂ ಪ್ರಶ್ನೆ ಏಳುತ್ತದೆ. ವೀಸಾ ಕೈಗೆ ಬರುವವರೆಗೆ ರದ್ದು ಮಾಡಬಹುದಾದ ರೂಮುಗಳನ್ನೇ ಹಿಡಿಯಿರಿ.

ಈಗ ಬೆಳಕಿನ ವಿಷಯ. ಹಾಲ್‌ಸ್ಟಾಟ್ ಇರುವುದು ಸರೋವರದ ಪಶ್ಚಿಮ ದಡದಲ್ಲಿ, ಬೆನ್ನಿಗೇ ಬೆಟ್ಟ. ಮಧ್ಯಾಹ್ನ ಕಳೆದರೆ ಸೂರ್ಯ ಬೆಟ್ಟದ ಮರೆಗೆ ಹೋಗಿ ಊರಿಗೆ ಊರೇ ನೆರಳಾಗುತ್ತದೆ. ಬಸ್ಸಿನಲ್ಲಿ ಬಂದು ಸಂಜೆ ಹೊರಡುವವರಿಗೆ ಸಿಗುವುದು ಆ ಸಪ್ಪೆ ಬೆಳಕು. ಚರ್ಚಿನ ಗೋಪುರ, ಮರದ ಮನೆಗಳ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ. ದೋಣಿ ಓಡಾಟ ಶುರುವಾಗುವ ಮೊದಲು ನೀರು ಕನ್ನಡಿಯಂತೆ ನಿಂತಿರುತ್ತದೆ. ನಿಲ್ಲುವ ಜಾಗ ಊರಿನ ಉತ್ತರ ತುದಿ, ಮುಖ ದಕ್ಷಿಣಕ್ಕೆ. ಅಲ್ಲಿ ಜನ ವಾಸವಿದ್ದಾರೆ, ಪಿಸುಮಾತಿನಲ್ಲಿ ಮಾತಾಡಿ. ಸೆಲ್ಫಿಯವರ ಕಾಟ ತಾಳದೆ 2023ರಲ್ಲಿ ಊರಿನವರು ಮರದ ತಡೆ ನಿಲ್ಲಿಸಿ, ಆಮೇಲೆ ತೆಗೆದರು. ಇನ್ನೊಂದು: ರೈಲು ನಿಲ್ದಾಣ ಎದುರು ದಡದಲ್ಲಿದೆ, ಊರಿಗೆ ದೋಣಿಯಲ್ಲೇ ದಾಟಬೇಕು. ತಡವಾದ ರೈಲಿಗೆ ದೋಣಿ ಇರುವುದಿಲ್ಲ, ಹಗಲಿನ ರೈಲನ್ನೇ ಹಿಡಿಯಿರಿ.

ಲೌಟರ್‌ಬ್ರುನೆನ್‌ನಲ್ಲಿ 297 ಮೀಟರಿನ ಸ್ಟೌಬಾಖ್ ಜಲಪಾತ ಕಣಿವೆಯ ಪಶ್ಚಿಮ ಗೋಡೆಯಿಂದ ಬೀಳುತ್ತದೆ, ಅದಕ್ಕೂ ಬೆಳಗಿನ ಬಿಸಿಲೇ. ರೈಲಿನಲ್ಲೇ ಹತ್ತುವ, 3,454 ಮೀಟರ್ ಎತ್ತರದ ಹಿಮದ ತಾಣ ಯುಂಗ್‌ಫ್ರೌಯೋಖ್‌ಗೆ ಮೊದಲೇ ಟಿಕೆಟ್ ತೆಗೆದಿಡಬೇಡಿ. ಅಂದು ಬೆಳಿಗ್ಗೆ ಮೇಲಿನ ಲೈವ್ ಕ್ಯಾಮೆರಾ ನೋಡಿ ಹೊರಡಿ. ಒಂದು ವಾರ ಒಂದೇ ಕಣಿವೆಯಲ್ಲಿ ಇರುವವರಿಗೆ ಸ್ವಿಸ್ ಹಾಫ್ ಫೇರ್ ಕಾರ್ಡ್ ಸಾಕು. ರೈಲು, ದೋಣಿ, ಕೇಬಲ್ ಕಾರ್ ಬಹುಪಾಲು ಅರ್ಧ ದರ.

ಪ್ರಾಗ್‌ನ ಚಾರ್ಲ್ಸ್ ಸೇತುವೆಗೆ ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೋಗಬೇಕು. ಹಳೇ ಪಟ್ಟಣದ ತುದಿಯಲ್ಲಿ ನಿಂತರೆ ಬೆನ್ನ ಹಿಂದಿನ ಬೆಳಕು ಎದುರಿನ ಕೋಟೆಗೆ ತಗಲುತ್ತದೆ. ಆಚೆ ತುದಿಯಿಂದ ತೆಗೆದರೆ ಶಿಲ್ಪಗಳು ಕಪ್ಪು ನೆರಳಾಗಿ ಕಾಣುತ್ತವೆ. ಐಎಸ್‌ಒ (ಬೆಳಕಿನ ಸಂವೇದನೆ) 100, ಎಫ್/8 (ಲೆನ್ಸಿನ ಕಿಂಡಿಯ ಅಳತೆ) ಇಟ್ಟು ಶಟರ್ 2ರಿಂದ 4 ಸೆಕೆಂಡ್, ಟ್ರೈಪಾಡ್ ಮೇಲೆ, 2 ಸೆಕೆಂಡಿನ ಟೈಮರ್ ಹಾಕಿ. ಗುಂಡಿ ಒತ್ತಿದ ಬೆರಳಿನ ಅದುರು ಚಿತ್ರಕ್ಕೆ ಬರುವುದಿಲ್ಲ. ನಾಲ್ವರಿಗೂ ಸೇರಿ ಒಂದೇ ಟ್ರೈಪಾಡ್ ಸಾಕು. ಅದನ್ನು ಮ್ಯೂಸಿಯಮ್ಮಿನೊಳಗೆ ಹೇಗೂ ಬಿಡುವುದಿಲ್ಲ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್ಲಿನಲ್ಲಿ ಫೋಟೊವೇ ನಿಷಿದ್ಧ. ಫ್ಲಾರೆನ್ಸಿನ ಉಫೀಜಿ ಕಲಾ ಮ್ಯೂಸಿಯಮ್ಮಿಗೆ ಸೋಮವಾರ ರಜೆ, ದಿನ ಹೊಂದಿಸುವಾಗ ನೆನಪಿರಲಿ.

ಕ್ಯಾಮೆರಾ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ. ವೋಲ್ಟೇಜ್ ನಮ್ಮದೇ 230, ಕನ್ವರ್ಟರ್ ಬೇಡ. ನಮ್ಮ ಎಕ್ಸ್‌ಟೆನ್ಶನ್ ಬಾಕ್ಸ್ ಒಂದು, ಅಡಾಪ್ಟರ್ ಒಂದು ಇದ್ದರೆ ನಾಲ್ವರ ಚಾರ್ಜಿಂಗ್ ಆಗುತ್ತದೆ. ಸ್ವಿಟ್ಜರ್ಲೆಂಡಿನ ಸಾಕೆಟ್ಟಿಗೆ ಜರ್ಮನ್ ಮಾದರಿಯ ದಪ್ಪ ದುಂಡು ಪ್ಲಗ್ ಹೋಗುವುದಿಲ್ಲ, ತೆಳು ಎರಡು ಪಿನ್ನಿನದೇ ಕೊಳ್ಳಿ. ಅಡುಗೆ ಮನೆಯಿರುವ ಬಾಡಿಗೆ ಮನೆ ಹಿಡಿದು ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಹಾಲಿನ ಪುಡಿ, ಪೇಡ ಮಾತ್ರ ಬೇಡ, ಹೊರಗಿನ ಹಾಲಿನ ಪದಾರ್ಥಕ್ಕೆ ಅಲ್ಲಿ ನಿಷೇಧವಿದೆ. ಆಸ್ಟ್ರಿಯಾದಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ತರಕಾರಿ ಶನಿವಾರವೇ ತನ್ನಿ.

ದಿನಕ್ಕೆ 300 ಚಿತ್ರ, ರಾ ಫೈಲ್ (ಕ್ಯಾಮೆರಾದ ಕುಗ್ಗಿಸದ ಮೂಲ ಚಿತ್ರ) ಒಂದಕ್ಕೆ 30 ಎಂಬಿ ಎಂದರೆ ದಿನಕ್ಕೆ 9 ಜಿಬಿ, 26 ದಿನಕ್ಕೆ ಸುಮಾರು 235 ಜಿಬಿ. 128 ಜಿಬಿಯ ಎರಡು ಕಾರ್ಡು ಸಾಲುತ್ತವೆ, ಆದರೆ ಪ್ರತಿ ರಾತ್ರಿ ಒಂದು ಎಸ್‌ಎಸ್‌ಡಿಗೆ (ಜೇಬಿಗೆ ಹಿಡಿಯುವ ಡಿಸ್ಕು) ನಕಲು ತೆಗೆದು ಅದನ್ನು ಇನ್ನೊಬ್ಬರ ಚೀಲದಲ್ಲಿಡಿ. ಕಾರ್ಡು, ಡಿಸ್ಕು ಒಂದೇ ಚೀಲದಲ್ಲಿದ್ದರೆ ಕಳ್ಳತನಕ್ಕೆ ಎರಡೂ ಹೋಗುತ್ತವೆ.

ಎಲ್ಲರ ಚಿತ್ರ ಸೇರಿಸುವಾಗ ಹೆಚ್ಚು ಕಾಡುವುದು ಗಡಿಯಾರ. ಫೋನ್ ತಾನಾಗಿ ಅಲ್ಲಿನ ಸಮಯಕ್ಕೆ ಬದಲಾಗುತ್ತದೆ, ಕ್ಯಾಮೆರಾ ಬದಲಾಗುವುದಿಲ್ಲ. ಸೆಪ್ಟೆಂಬರಿನಲ್ಲಿ ಮೂರೂವರೆ ಗಂಟೆ ವ್ಯತ್ಯಾಸ. ಸಮಯದ ಕ್ರಮದಲ್ಲಿ ಜೋಡಿಸಿದರೆ ಒಬ್ಬರ ಬೆಳಗಿನ ಸೇತುವೆ ಇನ್ನೊಬ್ಬರ ಹತ್ತು ಗಂಟೆಯ ಚಿತ್ರದ ಪಕ್ಕ ಕೂರುತ್ತದೆ. ಇಳಿದ ದಿನವೇ ಎಲ್ಲ ಕ್ಯಾಮೆರಾದ ಸಮಯ ಸರಿಮಾಡಿ. ಆಮೇಲೆ ಸೆಕೆಂಡ್ ತೋರಿಸುವ ಒಂದೇ ಫೋನಿನ ಗಡಿಯಾರವನ್ನು ಪ್ರತಿ ಕ್ಯಾಮೆರಾದಲ್ಲೂ ಒಂದು ಚಿತ್ರ ತೆಗೆದಿಡಿ. ಚಿತ್ರದೊಳಗಿನ ಸಮಯಕ್ಕೂ ಫೈಲಿನಲ್ಲಿ ದಾಖಲಾದ ಸಮಯಕ್ಕೂ ಇರುವ ಅಂತರವೇ ಆ ಕ್ಯಾಮೆರಾದ ತಪ್ಪು. ಮನೆಗೆ ಬಂದ ಮೇಲೆ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಅದರ ಎಲ್ಲ ಫೈಲುಗಳನ್ನೂ ಅಷ್ಟೇ ಹಿಂದಕ್ಕೋ ಮುಂದಕ್ಕೋ ಸರಿಸಿದರಾಯಿತು.