ಗಂಟು ಸಿಕ್ಕವರಿಗೆ ಅಪಾಯದ ಲೆಕ್ಕ ಬೇಡ: ಪಿಎಚ್‌ಸಿ ವೈದ್ಯರಿಗೆ ಕಲಿಸಿದ ನನ್ನ ಅನುಭವ

ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಸ್ತನ ಕ್ಯಾನ್ಸರ್ ಅಪಾಯ ಅಂದಾಜು ಮಾಡುವುದನ್ನು ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಕೈಗೆ ಬಂದ ಸ್ಲೈಡ್‌ಗಳಲ್ಲಿ ಎಲ್ಲಕ್ಕಿಂತ ಮುಂದೆ ಇದ್ದದ್ದು ಗೇಲ್ ಮಾದರಿ, 1989ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಲೆಕ್ಕ. ವಯಸ್ಸು, ಮೊದಲ ಮುಟ್ಟು, ಮೊದಲ ಹೆರಿಗೆ, ತಾಯಿ, ಅಕ್ಕತಂಗಿ, ಮಗಳಲ್ಲಿ ಎಷ್ಟು ಜನಕ್ಕೆ ಕಾಯಿಲೆ, ಹಿಂದೆ ಬಯಾಪ್ಸಿ ಆಗಿದೆಯೇ ಎಂದು ತುಂಬುತ್ತಾ ಹೋದರೆ ಮುಂದಿನ ಐದು ವರ್ಷದ ಅಪಾಯ ಇಷ್ಟು ಎಂದು ಹೇಳುತ್ತದೆ. ಶೇ 1.67 ಮುಟ್ಟಿದರೆ ಅಲ್ಲಿ ‘ಹೆಚ್ಚು ಅಪಾಯ’.

ಆ ಸ್ಲೈಡನ್ನು ನಾನು ಕೊನೆಗೆ ತಳ್ಳಿದೆ. ಅಂಕಿಅಂಶ ನಮ್ಮ ಹೆಣ್ಣುಮಕ್ಕಳದ್ದಲ್ಲ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಅದು ತಂದೆಯ ಕಡೆಯವರನ್ನು ವಿಚಾರಿಸುವುದೇ ಇಲ್ಲ. ಅಂಡಾಶಯದ ಕ್ಯಾನ್ಸರ್ ಬಗ್ಗೆಯೂ ಕೇಳುವುದಿಲ್ಲ. ತಾಯಿಗೆ ಕಾಯಿಲೆ ಬಂದದ್ದು 38ಕ್ಕೋ 70ಕ್ಕೋ, ಅದಕ್ಕೆ ಎರಡೂ ಒಂದೇ.

ತರಬೇತಿ ಶುರುವಾಗುತ್ತಿದ್ದದ್ದು ಒಂದು ಪ್ರಶ್ನೆಯಿಂದ. “ಎಡ ಸ್ತನದಲ್ಲಿ ಗಂಟು ಇರುವ 42 ವರ್ಷದ ಹೆಂಗಸು. ವಂಶದಲ್ಲಿ ಯಾರಿಗೂ ಇಲ್ಲ. 20ಕ್ಕೆ ಮೊದಲ ಹೆರಿಗೆ, ಮೂರು ಮಕ್ಕಳಿಗೂ ಹಾಲೂಡಿಸಿದ್ದಾರೆ. ಅಪಾಯ ಎಷ್ಟು?” ಸಾಮಾನ್ಯವಾಗಿ ಬರುವ ಉತ್ತರ: “ಕಡಿಮೆ, ಮೇಡಂ.” ಗಂಟು ಸಿಕ್ಕ ಮೇಲೆ ಅಪಾಯದ ಲೆಕ್ಕಕ್ಕೆ ಕೆಲಸವೇ ಇಲ್ಲ. ಕೈಪರೀಕ್ಷೆ, ಮ್ಯಾಮೊಗ್ರಾಂ ಅಥವಾ ಸ್ಕ್ಯಾನ್, ಸೂಜಿ ಬಯಾಪ್ಸಿ, ಇವೇ ಮುಂದಿನ ದಾರಿ. ಸ್ತನ ಕ್ಯಾನ್ಸರ್ ಬಂದ ಹೆಂಗಸರಲ್ಲಿ ಬಹುಪಾಲು ಜನರಿಗೆ ತಾಯಿ, ಅಕ್ಕತಂಗಿ ಯಾರಿಗೂ ಅದು ಇರುವುದಿಲ್ಲ. ‘ವಂಶದಲ್ಲಿ ಇಲ್ಲ, ಹೆದರಬೇಡಿ’ ಎಂದು ವಾಪಸ್ ಕಳಿಸುವುದರಷ್ಟು ಅಪಾಯಕಾರಿ ಸಮಾಧಾನ ಬೇರೊಂದಿಲ್ಲ.

ಲೆಕ್ಕ ಇರುವುದು ತೊಂದರೆ ಇಲ್ಲದವರಿಗೆ. ಅಲ್ಲಿ ನಿಜವಾದ ಕೆಲಸ ವಂಶವೃಕ್ಷ ಬರೆಯುವುದು, ಹೆಚ್ಚು ಹೊತ್ತು ಹಿಡಿದದ್ದೂ ಅದೇ. “ಯಾರಿಗಾದರೂ ಕ್ಯಾನ್ಸರ್ ಇತ್ತಾ?” ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಹಾಗಾಗಿ ಬೇರೆ ರೀತಿ ಕೇಳಿಸಿದೆ: ತವರಿನಲ್ಲಿ ಯಾರಿಗಾದರೂ ಎದೆ ಗಡ್ಡೆಯ ಆಪರೇಷನ್ ಆಗಿತ್ತೇ? ಕರೆಂಟ್ (ರೇಡಿಯೇಷನ್) ಕೊಡಿಸಿದ್ದರೇ? ಕಿದ್ವಾಯಿಗೆ ಕರೆದುಕೊಂಡು ಹೋಗಿದ್ದರೇ? ಹೊಟ್ಟೆಯಲ್ಲಿ ನೀರು ತುಂಬಿ (ಅದು ಅಂಡಾಶಯದ ಕ್ಯಾನ್ಸರ್ ಇದ್ದಿರಬಹುದು) ತೀರಿಕೊಂಡವರು ಇದ್ದಾರೆಯೇ? ಆಗ ನೆನಪುಗಳು ಬರುತ್ತವೆ. ತಾಯಿಯ ಕಡೆ ಮುಗಿದ ಮೇಲೆ ಅಷ್ಟೇ ತಾಳ್ಮೆಯಿಂದ ತಂದೆಯ ಕಡೆ. ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯವನ್ನು ಬಹಳ ಏರಿಸುವ ಬಿಆರ್‌ಸಿಎ ಜೀನ್‌ನ ದೋಷ ತಂದೆಯಲ್ಲಿದ್ದರೆ ಮಗಳಿಗೆ ಬರುವ ಸಾಧ್ಯತೆ ಶೇ 50, ತಾಯಿಯಿಂದ ಬರುವಷ್ಟೇ.

ಒಮ್ಮೆ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿ ತಂದ ಹಾಳೆಯಲ್ಲಿ ‘ತಾಯಿಯ ತಾಯಿಗೆ ಒಂದು, ಸೋದರತ್ತೆಗೆ ಒಂದು’ ಎಂದು ಇಬ್ಬರು ರೋಗಿಗಳಿದ್ದರು. ಮರ ಬರೆಸಿದೆ. ಆ ಹೆಂಗಸಿನ ತಾಯಿ ಸೋದರಮಾವನನ್ನೇ ಮದುವೆಯಾದವರು. ಅಲ್ಲಿಗೆ ಅಜ್ಜಿಯೂ ಸೋದರತ್ತೆಯೂ ಒಬ್ಬರೇ! ರೋಗಿ ಇಬ್ಬರಲ್ಲ, ಒಬ್ಬರು. ಆದರೆ ದೋಷವಿರುವ ಜೀನ್ ಇದ್ದರೆ ಅದು ತಾಯಿಯಿಂದಲೂ ತಂದೆಯಿಂದಲೂ ಇಳಿದು ಬರಬಹುದು. ಸೋದರಮಾವನ ಮದುವೆ ಇರುವ ನಮ್ಮ ಕಡೆ ಇದನ್ನು ಯಾವ ಫಾರಂ ತಾನೇ ಹಿಡಿದೀತು?

50ಕ್ಕೆ ಮೊದಲೇ ಸ್ತನ ಕ್ಯಾನ್ಸರ್, ಎರಡೂ ಸ್ತನಕ್ಕೆ ಬಂದದ್ದು, ಗಂಡಸಿಗೆ ಬಂದದ್ದು, ಯಾವ ವಯಸ್ಸಿನಲ್ಲೇ ಆಗಲಿ ಅಂಡಾಶಯದ ಕ್ಯಾನ್ಸರ್, ಹತ್ತಿರದ ಬಂಧುಗಳಲ್ಲಿ ಇವುಗಳಲ್ಲಿ ಒಂದಿದ್ದರೂ ಜೆನೆಟಿಕ್ ಕೌನ್ಸೆಲಿಂಗ್‌ಗೆ (ವಂಶದಲ್ಲಿ ಇಳಿದು ಬರುವ ಕಾಯಿಲೆಯ ಸಲಹೆಗೆ) ಬರೆಯಿರಿ ಎಂದು ಹೇಳಿಕೊಟ್ಟೆ. ಚಿಕ್ಕ ವಯಸ್ಸಿನಲ್ಲಿ ಎದೆಗೆ ರೇಡಿಯೇಷನ್ ಆಗಿದ್ದವರನ್ನೂ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಬೇಗ ಮೈನೆರೆಯುವುದು, ತಡವಾಗಿ ಮುಟ್ಟು ನಿಲ್ಲುವುದು, ಮುಟ್ಟು ನಿಂತ ಮೇಲಿನ ಬೊಜ್ಜು ಇವೆಲ್ಲ ಅಪಾಯವನ್ನು ಸ್ವಲ್ಪ ಸ್ವಲ್ಪ ಏರಿಸುತ್ತವೆ. ಬರೆದುಕೊಳ್ಳಿ, ಆದರೆ ಅವುಗಳ ಹಿಂದೆ ಬಿದ್ದು ಕೂರಬೇಡಿ ಎಂದೆ.

ಅಪಾಯ ಕಡಿಮೆ ಎಂದು ಬಂದವರನ್ನೂ ಬಿಡುವಂತಿಲ್ಲ. ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯ ಪ್ರಕಾರ 30ರಿಂದ 65ರ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಕೈಪರೀಕ್ಷೆ ಆಗಬೇಕು. ಕಾಗದದಲ್ಲಿ ಇದೆ. ‘ಕೈಯಿಂದ ಏನು ಗೊತ್ತಾಗುತ್ತೆ’ ಎನ್ನುವವರಿಗೆ ಮುಂಬೈ ಅಧ್ಯಯನ ತೋರಿಸಿದೆ. ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿದ ಆ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಕಾಯಿಲೆ ಮುಂಚಿನ ಹಂತದಲ್ಲೇ ಸಿಕ್ಕಿತು, 50 ದಾಟಿದವರಲ್ಲಿ ಸಾವು ಶೇ 30ರಷ್ಟು ಇಳಿಯಿತು. 50ರೊಳಗಿನವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಮುಚ್ಚಿಡಲಿಲ್ಲ.

ಕೈಪರೀಕ್ಷೆಯ ಅಭ್ಯಾಸಕ್ಕೆ ಸಿಲಿಕೋನ್ ಸ್ತನದ ಮಾದರಿ ಒಂದೇ ಇದ್ದದ್ದರಿಂದ ದಪ್ಪ ಸ್ಪಂಜಿನ ಪದರಗಳ ನಡುವೆ ಕಡಲೆಕಾಳು, ಅವರೆಕಾಳು ಬಚ್ಚಿಟ್ಟು ಬಟ್ಟೆ ಹೊದಿಸಿದೆವು. ಮೂರು ಬೆರಳಿನ ಒಳಮೈ, ಸಣ್ಣ ಸುತ್ತು, ಪ್ರತಿ ಜಾಗದಲ್ಲೂ ಹಗುರ, ಮಧ್ಯಮ, ಆಳ ಎಂದು ಮೂರು ಒತ್ತು, ಕಂಕುಳಿಂದ ಎದೆಮೂಳೆಯವರೆಗೆ ಮೇಲೆ ಕೆಳಗೆ ಸಾಲು ಸಾಲಾಗಿ. ಅವಸರದವರಿಗೆ ಮೇಲಿನ ಅವರೆಕಾಳಷ್ಟೇ ಸಿಗುತ್ತಿತ್ತು. ಅಡಿಯ ಕಡಲೆ ಸಿಕ್ಕಿದ್ದು ಹೆಚ್ಚಾಗಿ ನರ್ಸ್‌ಗಳಿಗೆ, ಡಾಕ್ಟರುಗಳಿಗೆ ಅದು ಅಷ್ಟು ರುಚಿಸಲಿಲ್ಲ. ಗಂಡು ವೈದ್ಯರು ಪರೀಕ್ಷೆ ಮಾಡುವಾಗ ಹೆಣ್ಣು ಸಿಬ್ಬಂದಿ ಪಕ್ಕದಲ್ಲಿರಬೇಕು, ಪರದೆ ಇರಬೇಕು. ಪರದೆ ಇಲ್ಲದ ಕೇಂದ್ರಗಳ ಪಟ್ಟಿಯನ್ನು ಮೇಲಕ್ಕೆ ಕಳಿಸಿದ್ದೇನೆ.

ತರಬೇತಿಯ ಕೊನೆಯ ಪರೀಕ್ಷೆಯಲ್ಲಿ ಈ ಹಿಂದೆ ನಾಲ್ಕರಲ್ಲೊಂದು ಆರಿಸುವ ಪ್ರಶ್ನೆಗಳಿದ್ದವು, ಎಲ್ಲರೂ ಪಾಸ್. ಈಗ ಖಾಲಿ ಹಾಳೆ, ಪೆನ್ಸಿಲ್ ಕೊಡುತ್ತೇನೆ. ಎದುರಿಗೆ ಒಬ್ಬ ಆಶಾ ಕಾರ್ಯಕರ್ತೆ ರೋಗಿಯಾಗಿ ಕೂರುತ್ತಾರೆ, ಕೇಳದೇ ಹೋದರೆ ಅಪ್ಪನ ಕಡೆಯ ಸುದ್ದಿ ಬಾಯಿಬಿಡಬಾರದು ಎಂದು ಅವರಿಗೆ ಮೊದಲೇ ಹೇಳಿರುತ್ತೇನೆ.