ಕ್ಯಾಸೆಟ್ಟಿನ ದನಿಯನ್ನು ಮೊಬೈಲಿಗೆ ಇಳಿಸುವುದು ಹೇಗೆ?

ಹಳೆಯ ಕ್ಯಾಸೆಟ್‌ಗಳನ್ನು ಫೋನಿಗೆ ಇಳಿಸಿಕೊಂಡವರು ‘ಕೇಳಿ ನೋಡಿ’ ಎಂದು ಕಳಿಸುವ ಫೈಲುಗಳಲ್ಲಿ ಹೆಚ್ಚಿನವು ಒಂದೇ ಬಗೆಯಲ್ಲಿ ಕೆಟ್ಟಿರುತ್ತವೆ. ಯಕ್ಷಗಾನದ ಕ್ಯಾಸೆಟ್ಟಾದರೆ, ಭಾಗವತರು ಮೆಲುದನಿಯಲ್ಲಿ ಹೇಳುತ್ತಿರುವವರೆಗೆ ಪದ ಚೆನ್ನಾಗಿಯೇ ಕೇಳುತ್ತದೆ. ಚೆಂಡೆ ಬಿತ್ತೆಂದರೆ ಎಲ್ಲ ಪರಪರ. ಕ್ಯಾಸೆಟ್ಟೇ ಹಾಳಾಗಿದೆ ಎಂದುಕೊಂಡು ಅದನ್ನು ಬಿಸಾಡಿದವರೂ ಇದ್ದಾರೆ. ಟೇಪು ನೆಟ್ಟಗೇ ಇತ್ತು. ಕೆಟ್ಟಿದ್ದು ಅದರ ದನಿ ಅಂಕಿಯಾಗುವ ಹೊತ್ತಿನಲ್ಲಿ.

ಈ ಕೆಲಸ ಮಾಡುವುದು ಅನಲಾಗ್-ಟು-ಡಿಜಿಟಲ್ ಕನ್ವರ್ಟರ್, ಚಿಕ್ಕದಾಗಿ ಎಡಿಸಿ. ಫೋನಿನಲ್ಲಿ ಇದು ಒಂದೇ ಇರುವುದಲ್ಲ: ಕ್ಯಾಮೆರಾ ಸೆನ್ಸರಿನಲ್ಲಿದೆ, ಬ್ಯಾಟರಿಯ ವೋಲ್ಟೇಜ್ ಅಳೆಯುವಲ್ಲಿದೆ. ಕೆಲವು ಫೋನುಗಳಲ್ಲಂತೂ ಮೈಕಿನ ಪುಟ್ಟ ಡಬ್ಬಿಯೊಳಗೇ ಒಂದು ಕೂತಿರುತ್ತದೆ. ನಮಗೆ ಬೇಕಾದದ್ದು ದನಿಯದು. ಏರಿಳಿಯುವ ವೋಲ್ಟೇಜನ್ನು ಅದು ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು, ಪ್ರತಿಸಲವೂ ಒಂದು ಅಂಕಿ ಬರೆದಿಡುತ್ತದೆ. 16 ಬಿಟ್ ಎಂದರೆ ಆ ಅಳತೆಪಟ್ಟಿಯಲ್ಲಿ 65,536 ಗೆರೆ. ಪಟ್ಟಿಯ ಮೇಲಿನ ತುದಿ 32,767, ಕೆಳಗಿನದು ಮೈನಸ್ 32,768. ದನಿ ಅದಕ್ಕಿಂತ ಎಷ್ಟೇ ಮೇಲೆ ಹೋಗಲಿ, ಬರೆಯುವುದು 32,767 ಎಂದೇ. ಕೊಳಗ ತುಂಬಿದ ಮೇಲೆ ಸುರಿದ ಭತ್ತ ಲೆಕ್ಕಕ್ಕೆ ಸಿಗುವುದಿಲ್ಲವಲ್ಲ, ಹಾಗೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಕ್ಯಾಸೆಟ್. ಮೇಲಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ, ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯುವುದಿಲ್ಲ. ಒಮ್ಮೆ ಕೊನೆಯವರೆಗೆ ಸುತ್ತಿಸಿ, ಮತ್ತೆ ಹಿಂದಕ್ಕೆ ಸುತ್ತಿಸಿ. ಟೇಪಿನ ಹಿಂದೆ ನಡುವೆ ಇರುವ ಪುಟ್ಟ ಬಟ್ಟೆಯ ಒತ್ತು ಕಳಚಿ ಬಿದ್ದಿದ್ದರೆ ದನಿ ಮಸುಕಾಗಿ ಬರುತ್ತದೆ, ಅದನ್ನು ಅಂಟಿಸಿಕೊಳ್ಳಿ. ಟೇಪ್ ರೆಕಾರ್ಡರಿನ ಹೆಡ್ಡನ್ನೂ ರಬ್ಬರ್ ಚಕ್ರವನ್ನೂ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ. ಹತ್ತಿಯಲ್ಲಿ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಬೇಕು. ಸೆಂಟು, ಸೀಮೆಎಣ್ಣೆ, ಯೂಟ್ಯೂಬಿನಲ್ಲಿ ಹೇಳುವ ಇನ್ನೇನೋ ಬೇಡ. ರೆಕಾರ್ಡರಿನಲ್ಲಿ ಟೇಪಿನ ‘ಸುಸ್’ ಸದ್ದು ತಗ್ಗಿಸುವ ಡಾಲ್ಬಿ ಗುಂಡಿ ಇದ್ದು, ಕ್ಯಾಸೆಟ್ಟನ್ನು ಡಾಲ್ಬಿಯಲ್ಲಿ ಹಿಡಿದದ್ದಲ್ಲವಾದರೆ ಅದನ್ನು ಆಫ್ ಮಾಡಿ.

ಎರಡನೆಯದು ಜೋಡಣೆ. ಸ್ಪೀಕರಿನ ಮುಂದೆ ಫೋನ್ ಇಟ್ಟು ರೆಕಾರ್ಡ್ ಒತ್ತುವುದು ಎಲ್ಲರಿಗೂ ಹೊಳೆಯುವ ಅಡ್ಡದಾರಿ. ಮಾಡಬೇಡಿ. ಕೋಣೆಯ ಪ್ರತಿಧ್ವನಿ, ಫ್ಯಾನು, ಹೊರಗೆ ಹೋದ ಆಟೋ ಎಲ್ಲ ಭಾಗವತಿಕೆಯ ಜತೆಗೇ ಉಳಿದುಬಿಡುತ್ತವೆ.

ಹೆಡ್‌ಫೋನ್ ತೂತು ಇರುವ ಫೋನಾದರೆ ಕೇಬಲ್ ಹಾಕಬಹುದು ಎಂದು ಹಲವರು ಹೊರಡುತ್ತಾರೆ. ಅಲ್ಲಿ ಎರಡು ತೊಡಕುಗಳಿವೆ. ಮೈಕ್ ಇರುವ ಹೆಡ್‌ಸೆಟ್ಟಿನ ಪಿನ್ನಿನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಭಾಗ ಇರುತ್ತವೆ. ಮಾಮೂಲಿ ಕೇಬಲಿನ ಪಿನ್ನಿನಲ್ಲಿ ಎರಡೇ ಗೆರೆ. ಎರಡು ಗೆರೆಯದನ್ನು ಚುಚ್ಚಿದರೆ ಫೋನು ಅದನ್ನು ಬರೇ ಹೆಡ್‌ಫೋನ್ ಎಂದುಕೊಂಡು, ರೆಕಾರ್ಡಿಂಗನ್ನು ತನ್ನ ಒಳಗಿನ ಮೈಕಿನಿಂದಲೇ ಮಾಡುತ್ತದೆ. ಕ್ಯಾಸೆಟ್ಟಿನ ಇಡೀ ಬದಿ ಓಡಿಸಿ, ಕೊನೆಗೆ ಮನೆಯವರ ಮಾತುಕತೆ ಮಾತ್ರ ಸಿಕ್ಕವರನ್ನು ನೋಡಿದ್ದೇನೆ. ಪರೀಕ್ಷೆ ಸುಲಭ: ರೆಕಾರ್ಡಿಂಗ್ ಆ್ಯಪ್ ತೆರೆದು, ಫೋನಿನ ತಳದ ಮೈಕ್ ತೂತಿನ ಬಳಿ ಉಗುರಿನಿಂದ ಕುಟ್ಟಿ. ಮೀಟರ್ ಹಾರಿದರೆ ಕೇಬಲಿನಿಂದ ಏನೂ ಬರುತ್ತಿಲ್ಲ.

ಎರಡನೆಯ ತೊಡಕು ವೋಲ್ಟೇಜಿನದು. ಫೋನಿನ ಆ ತೂತು ಕಾಯುತ್ತಿರುವುದು ಮೈಕ್ ಕೊಡುವ ಕೆಲವು ಮಿಲಿವೋಲ್ಟಿಗೆ. ಟೇಪ್ ಡೆಕ್ಕಿನ ಲೈನ್ ಔಟ್, ಎಂದರೆ ದನಿ ಹೊರಬರುವ ತೂತು, ಕೊಡುವುದು ಹೆಚ್ಚುಕಡಿಮೆ ಅದರ ನೂರು ಪಟ್ಟು. ನಡುವೆ ತಗ್ಗಿಸುವ ಸರ್ಕ್ಯೂಟ್ ಇಲ್ಲದೆ ಚುಚ್ಚಿದರೆ ಚೆಂಡೆಯವರೆಗೂ ಕಾಯಬೇಕಿಲ್ಲ, ತಾಳಕ್ಕೇ ದನಿ ಹರಿದು ಚಿಂದಿಯಾಗುತ್ತದೆ. ಅಲ್ಲದೆ ಆ ಮೈಕ್ ದಾರಿ ಮೋನೊ. ಸ್ಟೀರಿಯೊ ಕ್ಯಾಸೆಟ್ಟಿನ ಒಂದು ಕಡೆ ಅಲ್ಲಿಗೇ ಹೋಯಿತು.

ಹಾಗಾಗಿ ನನ್ನ ಮಾತು ಒಂದೇ. ಲೈನ್ ಇನ್ ಎಂದು ಬರೆದಿರುವ, ಗೇನ್ (ಒಳಬರುವ ದನಿಯ ಮಟ್ಟ) ತಿರುಗಿಸಲು ಕೈಗೆ ಸಿಗುವ ಗುಂಡಿ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ತಂದು, ಫೋನಿಗೆ ಯುಎಸ್‌ಬಿ ಸಾಧನ ಜೋಡಿಸುವ ಓಟಿಜಿ ಕೇಬಲಿನಲ್ಲಿ ಸೇರಿಸಿ. ಆಗ ಫೋನಿನ ಎಡಿಸಿ ಸುಮ್ಮನಿರುತ್ತದೆ, ಕಾರ್ಡಿನದು ದುಡಿಯುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಬೆರಳುದ್ದದ ಕಾರ್ಡುಗಳಲ್ಲಿ ಬಹುಪಾಲು ಮೈಕ್ ಇನ್ ಮಾತ್ರ ಇರುತ್ತದೆ, ಚಿತ್ರದಲ್ಲಿ ಏನೇ ಬರೆದಿರಲಿ. ವಾಕ್‌ಮನ್ ಥರ ಕಾಣುವ ‘ಕ್ಯಾಸೆಟ್ ಕನ್ವರ್ಟರ್’ ಡಬ್ಬಿಗಳ ಹತ್ತಿರವೂ ಹೋಗಬೇಡಿ: ಮೋಟಾರು ಒಂದೇ ವೇಗದಲ್ಲಿ ತಿರುಗದೆ ಶ್ರುತಿ ತೇಲಾಡುತ್ತದೆ. ಮನೆಯ ಹಳೆಯ ಡೆಕ್ಕನ್ನು ರಿಪೇರಿ ಮಾಡಿಸಿ, ಬೆಲ್ಟ್ ಹಾಕಿಸಿ. ಅದೇ ಮೇಲು.

ಮೂರನೆಯದು ಮಟ್ಟ ಇಡುವುದು. ಎಲ್ಲರೂ ಎಡವುವುದು ಇಲ್ಲೇ.

ಟೇಪ್ ರೆಕಾರ್ಡರಿನ ಕಾಲದವರಿಗೆ ಮೀಟರಿನ ಮುಳ್ಳು ಆಗಾಗ ಕೆಂಪಿಗೆ ತಾಗಬೇಕು ಎನ್ನುವುದು ಕೈಗೆ ಹತ್ತಿದ ರೂಢಿ. ಆ ಕಾಲಕ್ಕೆ ಅದು ಸರಿ. ಮೆಲ್ಲಗೆ ಹಿಡಿದರೆ ಟೇಪಿನ ‘ಸುಸ್’ ಹಾಡನ್ನು ನುಂಗುತ್ತಿತ್ತು. ಜೋರಾಗಿ ಹಿಡಿದರೆ ಟೇಪಿನ ಕಾಂತೀಯ ಲೇಪ ಒಮ್ಮೆಗೇ ಕೈಬಿಡದೆ ನಿಧಾನವಾಗಿ ಬಾಗುತ್ತಿತ್ತು, ದನಿ ಕೊಂಚ ದಪ್ಪವಾಗುತ್ತಿತ್ತು ಅಷ್ಟೆ. ಎಡಿಸಿಗೆ ಆ ದಾಕ್ಷಿಣ್ಯ ಇಲ್ಲ. ಡಿಜಿಟಲ್ ಮೀಟರಿನ ಸೊನ್ನೆ ಎಂದರೆ ಪಟ್ಟಿಯ ತುದಿ, ಆಚೆಗೆ ಏನೂ ಇಲ್ಲ.

ಕ್ಯಾಸೆಟ್ಟಿನಲ್ಲಿ ಎಲ್ಲಕ್ಕಿಂತ ಜೋರಾದ ಜಾಗ ಹುಡುಕಿ. ಯಕ್ಷಗಾನದ ಆಟದ ಕ್ಯಾಸೆಟ್ಟಾದರೆ ಬಣ್ಣದ ವೇಷದ ಪ್ರವೇಶ, ಹರಿಕಥೆಯಾದರೆ ಜನ ನಕ್ಕು ಚಪ್ಪಾಳೆ ತಟ್ಟುವಲ್ಲಿ, ಮನೆಯ ನಾಮಕರಣದ್ದಾದರೆ ಮಗು ಕಿರುಚುವಲ್ಲಿ. ಆ ತುಣುಕನ್ನೇ ಮತ್ತೆ ಮತ್ತೆ ಹಾಕಿ, ಮೀಟರ್ ಮೈನಸ್ 12 ಡೆಸಿಬೆಲ್ಲಿನ ಆಸುಪಾಸು ಆಡುವಂತೆ, ಏನೇ ಆದರೂ ಮೈನಸ್ 6 ದಾಟದಂತೆ ಕಾರ್ಡಿನ ಗೇನ್ ತಿರುಗಿಸಿ. ‘ಇಷ್ಟು ಮೆಲ್ಲಗೆ ಹಿಡಿದರೆ ಗುಣಮಟ್ಟ ಹೋಗುವುದಿಲ್ಲವೇ?’ ಎಂದು ಕೇಳದವರಿಲ್ಲ. ಲೆಕ್ಕ ನೋಡಿ: ಒಂದು ಬಿಟ್ಟಿಗೆ ಸುಮಾರು 6 ಡೆಸಿಬೆಲ್, 16 ಬಿಟ್ಟಿಗೆ ಸುಮಾರು 96. ಮೈನಸ್ 12ರಲ್ಲಿ ಹಿಡಿದರೆ ಬಿಟ್ಟುಕೊಟ್ಟದ್ದು ಎರಡು ಬಿಟ್. ಉಳಿದದ್ದು 84 ಡೆಸಿಬೆಲ್. ಸಾಧಾರಣ ಕ್ಯಾಸೆಟ್ಟಿನಲ್ಲಿ ಹಾಡಿಗೂ ಸುಸ್ ಸದ್ದಿಗೂ ನಡುವೆ ಇರುವ ಅಂತರವೇ 50ರಿಂದ 60. ಬೇಕಾದಷ್ಟು ಜಾಗ ಮಿಕ್ಕಿದೆ. ಮುಗಿದ ಮೇಲೆ ಫೈಲಿನಲ್ಲಿ ದನಿ ಏರಿಸಿಕೊಂಡರಾಯಿತು.

ಈಗ ಒಂದು ಮೋಸ. ಆ್ಯಪಿನಲ್ಲೂ ಒಂದು ಗೇನ್ ಗೆರೆ ಇರುತ್ತದೆ, ಬೆರಳಿನಲ್ಲಿ ಎಳೆಯುವಂಥದ್ದು. ಮೀಟರ್ ಕೆಂಪಾಯಿತೆಂದು ಜನ ಅದನ್ನು ಇಳಿಸುತ್ತಾರೆ, ಮೀಟರ್ ಹಸಿರಾಗುತ್ತದೆ, ಪರಪರ ಹಾಗೆಯೇ ಉಳಿಯುತ್ತದೆ. ಯಾಕೆಂದರೆ ಆ ಗೆರೆ ಸಾಮಾನ್ಯವಾಗಿ ಕೆಲಸ ಮಾಡುವುದು ಎಡಿಸಿ ಅಳೆದಾದ ಮೇಲೆ, ಬಂದ ಅಂಕಿಗಳ ಮೇಲೆ. ಪತ್ತೆ ಹಚ್ಚುವುದು ಹೀಗೆ: ಹತ್ತು ಸೆಕೆಂಡು ಹಿಡಿದು, ಅಲೆಯ ಚಿತ್ರವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ. ಒಂದೊಂದು ಅಲೆಯೂ ಬಿಡಿಯಾಗಿ ಕಾಣುವವರೆಗೆ ಹಿಗ್ಗಿಸಬೇಕು. ತುದಿ ಗುಂಡಗಿದ್ದರೆ ಸರಿ. ಕತ್ತರಿಯಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗಿದ್ದು, ಸಾಲಾಗಿ ಎಲ್ಲ ಅಲೆಗಳೂ ಒಂದೇ ಎತ್ತರಕ್ಕೆ ನಿಂತಿದ್ದರೆ ದನಿ ಹರಿದಿದೆ, ಆ ಎತ್ತರ ಸೊನ್ನೆಯಲ್ಲಿರಲಿ, ಮೈನಸ್ 8ರಲ್ಲಿರಲಿ. ಚಪ್ಪಟೆ ತುದಿ ಸೊನ್ನೆಗಿಂತ ಕೆಳಗಿದ್ದರೆ ತಪ್ಪು ಆ್ಯಪಿಗಿಂತ ಮುಂಚೆಯೇ ಆಗಿದೆ ಎಂದರ್ಥ. ಆ್ಯಪಿನ ಗೆರೆಯನ್ನು ನಡುವಿನ ಸೊನ್ನೆಗೆ ತಂದು ಬಿಟ್ಟುಬಿಡಿ. ಕಾರ್ಡಿನ ಗುಂಡಿ ಇಳಿಸಿ. ರೆಕಾರ್ಡರಿನ ಹೆಡ್‌ಫೋನ್ ತೂತಿನಿಂದ ಎಳೆದಿದ್ದರೆ ಅದರ ವಾಲ್ಯೂಮನ್ನೂ ಇಳಿಸಿ. ಎಲ್ಲ ಇಳಿಸಿದ ಮೇಲೂ ಅದೇ ಜಾಗದಲ್ಲಿ ಚಪ್ಪಟೆ ಕಂಡರೆ ಅದು ಅಂದು ಮೂಲದಲ್ಲೇ ಹರಿದದ್ದು, ಬಿಡಿ.

ಕತ್ತರಿಸಿ ಹೋದ ತುದಿಯನ್ನು ‘ಎಐ’ ಮರಳಿ ತರುತ್ತದೆ ಎನ್ನುವ ಆ್ಯಪುಗಳಿಗೆ ದುಡ್ಡು ಕೊಡಬೇಡಿ. ಅವು ಊಹಿಸಿ ತುಂಬಿಸುತ್ತವೆ. ಯಕ್ಷಗಾನದ ಭಾಗವತ ಕಾಳಿಂಗ ನಾವಡರು 1990ರಲ್ಲೇ ತೀರಿಕೊಂಡರು. ಅವರ ಪದ ಇದ್ದ ಹಾಗೆ ಬೇಕು, ಯಂತ್ರದ ಊಹೆ ಯಾರಿಗೆ ಬೇಕು?

ಆ್ಯಪಿನ ಸೆಟ್ಟಿಂಗು. ನಾಯ್ಸ್ ರಿಡಕ್ಷನ್, ಆಟೋ ಗೇನ್ ಎರಡನ್ನೂ ಆಫ್ ಮಾಡಿ. ಇವು ಫೋನ್ ಮಾತಿಗಾಗಿ ಮಾಡಿದವು: ಶ್ರುತಿಪೆಟ್ಟಿಗೆಯ ಒಂದೇ ಸಮನೆ ಸ್ವರವನ್ನು ಗದ್ದಲವೆಂದು ಅಳಿಸುತ್ತವೆ, ಭಾಗವತರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಸುಸ್ ಸದ್ದನ್ನು ಎತ್ತಿ ತೋರಿಸುತ್ತವೆ. ಆಂಡ್ರಾಯ್ಡ್ 7ರಿಂದೀಚೆಗೆ ದನಿಯನ್ನು ಏನೂ ತಿದ್ದದೆ ಕೊಡುವ ‘ಅನ್‌ಪ್ರೊಸೆಸ್ಡ್’ ದಾರಿ ಇದೆ. ಆ್ಯಪಿನಲ್ಲಿ ಆ ಆಯ್ಕೆ ಕಂಡರೆ ಅದನ್ನೇ ಒತ್ತಿ. ಫಾರ್ಮ್ಯಾಟ್ ವೇವ್ (WAV), 48,000, 16 ಬಿಟ್. 24 ಬಿಟ್ ಹಾಕಿದರೂ ತಪ್ಪಿಲ್ಲ, ಆದರೆ ಕ್ಯಾಸೆಟ್ಟಿಗೆ ಅದರಿಂದ ಸಿಗುವುದು ದೊಡ್ಡ ಫೈಲು ಮಾತ್ರ. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 11.5 ಎಂಬಿ ಬೇಕು, ಸಿ-90 ಕ್ಯಾಸೆಟ್ಟಿನ 45 ನಿಮಿಷದ ಒಂದು ಬದಿಗೆ ಅರ್ಧ ಜಿಬಿಗಿಂತ ಕೊಂಚ ಹೆಚ್ಚು. ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ.

ಏರೋಪ್ಲೇನ್ ಮೋಡ್ ಹಾಕಿ, ಚಾರ್ಜರ್ ಕಿತ್ತಿಡಿ. ಚಾರ್ಜರ್ ಹಾಕಿದ್ದರೆ ಗುಂಯ್ ಎನ್ನುವ ಸದ್ದು ಸೇರುವುದುಂಟು. ಆಮೇಲೆ ರೆಕಾರ್ಡ್ ಒತ್ತಿ, ಪ್ಲೇ ಒತ್ತಿ, ಎದ್ದು ಹೋಗಿ.

ಬಿ ಬದಿಗೆ ತಿರುಗಿಸಿದಾಗ ಮಟ್ಟವನ್ನು ಹೊಸದಾಗಿ ನೋಡಬೇಕು. ಆ ಬದಿಯಲ್ಲಿ ಎಷ್ಟೋ ಸಲ ಬೇರೆ ವರ್ಷದ, ಬೇರೆ ರೆಕಾರ್ಡರಿನ ದನಿ ಇರುತ್ತದೆ. ಫೈಲಿಗೆ ಹೆಸರು ಕೊಡುವಾಗ ಪ್ರಸಂಗ, ಊರು, ಬದಿ ಬರೆಯಿರಿ. ಮೂಲ ವೇವ್ ಫೈಲನ್ನು ಬೇರೆ ಒಂದು ಡಿಸ್ಕಿಗೂ ಹಾಕಿಟ್ಟ ಮೇಲೆಯೇ ಎಂಪಿ3 ಮಾಡಿ. ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಫೋನಿನಲ್ಲಿ ಹಾಕಿ ಅದನ್ನು ಇನ್ನೊಂದು ಫೋನಿನ ವಾಯ್ಸ್ ಮೆಸೇಜಿಗೆ ಕೇಳಿಸಿ ಕಳಿಸುವವರೂ ಇದ್ದಾರೆ, ಅವರಿಗೆ ಫೈಲು ಕೊಡಲೇಬೇಡಿ.