ನರ್ಸಿಂಗ್ ಸೀಟು: ಚಾಯ್ಸ್ 2 ಕೊಟ್ಟ ಮೇಲೆ ಪಟ್ಟಿ ಕತ್ತರಿಸಿ
ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ಬಿಎಸ್‌ಸಿ ನರ್ಸಿಂಗ್ ಸೀಟು ಸಿಕ್ಕಿದ್ದು, ಇನ್ನೂ ಒಳ್ಳೆಯ ಕಾಲೇಜಿಗೆ ಕಾಯುವವರು ಚಾಯ್ಸ್ 2 (ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗುವುದು) ಕೊಟ್ಟು, ಮುಂದಿನ ಸುತ್ತಿಗೆ ಮೊದಲೇ ಆಪ್ಷನ್ ಪಟ್ಟಿಯಲ್ಲಿ (ನೀವು ಇಷ್ಟದ ಕ್ರಮದಲ್ಲಿ ಕೊಟ್ಟ ಕಾಲೇಜುಗಳ ಪಟ್ಟಿ) ಆ ಸೀಟಿಗಿಂತ ಮೇಲಿರುವ, ಹೋಗಲು ಮನಸ್ಸಿಲ್ಲದ ಕಾಲೇಜುಗಳನ್ನೆಲ್ಲ ಅಳಿಸಿಬಿಡಿ. ಮೇಲಿನದ್ದು ಒಂದು ಸಿಕ್ಕರೂ ಹಳೇ ಸೀಟು ತಾನಾಗಿಯೇ ರದ್ದಾಗುತ್ತದೆ, ಬೇಡವೆಂದರೂ ವಾಪಸ್ ಬರುವುದಿಲ್ಲ. ಚಾಯ್ಸ್ 3 ಅಂದರೆ ಕೈಲಿರುವುದನ್ನೂ ಬಿಟ್ಟ ಹಾಗೆ. ಸರ್ಕಾರಿ ಕಾಲೇಜು ಸಿಕ್ಕವರು ಅದರ ತಂಟೆಗೇ ಹೋಗಬೇಡಿ. ಯಾವುದನ್ನು ಉಳಿಸಿಕೊಳ್ಳಬೇಕು ಅನ್ನುವುದಕ್ಕೆ ಕಳೆದ ವರ್ಷದ ಕಟ್‌ಆಫ್ ಪಟ್ಟಿಯಲ್ಲಿ ಜಿಎಂ (ಜನರಲ್ ಮೆರಿಟ್) ಒಂದೇ ಅಲ್ಲ, ನಿಮ್ಮ ಮೀಸಲಾತಿ ಕೋಡ್‌ನ ಕಾಲಂ (2ಎಜಿ ಅಂದರೆ 2ಎ ಸಾಮಾನ್ಯ, 3ಬಿಆರ್ ಅಂದರೆ 3ಬಿ ಗ್ರಾಮೀಣ, ಹೀಗೆ) ನೋಡಿ. ಗ್ರಾಮೀಣ, ಕನ್ನಡ ಮಾಧ್ಯಮದ ಕಾಲಂ ಬೇರೆಯೇ ಇರುತ್ತದೆ. ಮೊದಲ ಸುತ್ತಿನಲ್ಲಿ ಸೀಟೇ ಸಿಗದವರಿಗೆ ಮಾತ್ರ ಇದು ನಡೆಯದು. ಅವರು ಒಂದನ್ನೂ ಅಳಿಸಬಾರದು, ಆಮೇಲೆ ಹೊಸ ಕಾಲೇಜು ಸೇರಿಸಲು ಸಾಮಾನ್ಯವಾಗಿ ಬಿಡುವುದಿಲ್ಲ.